ಬೂಚು ತೆಗೆದಿಟ್ಟೆಯಾ?

ಪ್ರೀತಿಯ ತಮ್ಮಾ,

ನಿನ್ನ ಫೈಬರ್ ದೋಣಿಯ ಫೋಟೊ ಬಂತು. ಗಂಗೊಳ್ಳಿಯ ಹೊಳೆಬದಿಯಲ್ಲಿ ಅದರ ಮೂತಿಯ ಮೇಲೆ ಕೈಯಿಟ್ಟು ನೀನು ನಿಂತ ಗತ್ತು ನೋಡಿದರೆ, ದೋಣಿ ಕೊಂಡು ಬಂದದ್ದೋ ಹೆಣ್ಣು ನೋಡಿ ಬಂದದ್ದೋ ಎಂದು ನಿನ್ನ ಭಾವನಿಗೆ ಅನುಮಾನ. ಅವರಿಗೆ ಈಗ ಅನುಮಾನಪಡಲು ಪುರುಸೊತ್ತು ಜಾಸ್ತಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮಲ್ಪೆಯ ದೊಡ್ಡ ಬೋಟುಗಳಿಗೆ ರಜೆಯಲ್ಲವಾ? ಅವರಿಗೆ ರಜೆ, ನನಗೆ ತಲೆಬಿಸಿ.

ಎರಡನೆಯ ಫೋಟೊ ನೋಡಿ ಮಾತ್ರ ನನ್ನ ಎದೆ ಝಲ್ಲೆಂದಿತು. ಪಾತ್ರೆ ತಿಕ್ಕುವ ಸ್ಟೀಲ್ ನಾರು ಹಿಡಿದು ಉಜ್ಜುತ್ತಿದ್ದೀಯಲ್ಲ ಮಾರಾಯ! ಅದೇನು ತಳ ಹಿಡಿದ ಅನ್ನದ ಪಾತ್ರೆಯಾ? ಹೊರಗೆ ಫಳಫಳ ಕಾಣುವುದು ಜೆಲ್‌ಕೋಟ್. ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ದಪ್ಪ, ಅಷ್ಟೇ. ಅದರ ಹಿಂದೆ ಗಾಜಿನ ನಾರಿನ ಮ್ಯಾಟು, ರೆಸಿನ್ನು, ಮತ್ತೆ ಮ್ಯಾಟು, ಮತ್ತೆ ರೆಸಿನ್ನು. ನೀನು ಗೀರಿದ್ದು ಆ ಅರ್ಧ ಮಿಲಿಮೀಟರನ್ನು. ಮೇಲಾಗಿ ಸ್ಟೀಲಿನ ಪುಡಿ ಅಲ್ಲಲ್ಲೇ ಕೂತು ತುಕ್ಕಿನ ಚುಕ್ಕೆ ಇಡುತ್ತದೆ. ಮೀನಿನ ರಕ್ತ ಒಣಗುವ ಮೊದಲೇ ಬಾವಿನೀರು ಹೊಯ್ದು, ಸ್ವಲ್ಪ ಸೋಪಿನ ನೊರೆ, ಮೆತ್ತನೆಯ ಬ್ರಷ್ಷು. ಸಾಕು.

ಅಂಗೈ ಇಟ್ಟು ಸವರಿದಾಗ ಸೀಮೆಸುಣ್ಣದ ಹಾಗೆ ಬಿಳಿ ಹುಡಿ ಹತ್ತಿದರೆ ಬಿಸಿಲು ಜೆಲ್‌ಕೋಟನ್ನು ತಿನ್ನತೊಡಗಿದೆ ಎಂದು ತಿಳಿ. ಆಗ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ, ಮೇಲೆ ಮೇಣ ಬಳಿ. ಹೊಳಪು ಬಂತೆಂದು ಹುಮ್ಮಸ್ಸಿನಲ್ಲಿ ತಿಂಗಳಿಗೊಮ್ಮೆ ಉಜ್ಜಬೇಡ, ಪ್ರತಿ ಸಲವೂ ಪದರ ಸವೆಯುತ್ತದೆ. ತಳಕ್ಕೆ ಕಚ್ಚಿಕೊಂಡ ಚಿಪ್ಪುಗಳನ್ನು ದಡಕ್ಕೆ ಎಳೆದ ದಿನವೇ, ಒದ್ದೆಯಿದ್ದಾಗಲೇ, ಮರದ ಚಕ್ಕೆಯಿಂದ ಕೆರೆ. ನಾಳೆ ಮಾಡುವಾ ಎಂದು ಮಲಗಿದರೆ ಬೆಳಗಾಗುವಾಗ ಅವು ಗಾರೆಯಾಗಿರುತ್ತವೆ. ನಿನ್ನ 'ನಾಳೆ' ಯಾವುದೆಂದು ನನಗೆ ಗೊತ್ತು.

ಇದೆಲ್ಲ ಸಣ್ಣ ಮಾತು. ನನ್ನ ಚಿಂತೆ ಬೇರೆ. 'ಫೈಬರಿಗೆ ಎಂತದೂ ಬೇಡ, ಎಲ್ಲಿ ಬೇಕಾದರೂ ಬಿಡಬಹುದು' ಎಂದರಂತೆ ನಿನಗೆ ದೋಣಿ ಮಾರಿದವರು. ಅಪ್ಪಯ್ಯನ ಮರದ ದೋಣಿಗೆ ವರ್ಷ ವರ್ಷ ಮೀನೆಣ್ಣೆ ಬಳಿಯುತ್ತಿದ್ದಾಗ ಮೂಗು ಮುಚ್ಚಿಕೊಂಡು ಓಡುತ್ತಿದ್ದವನು ನೀನು, ಆ ಮಾತು ನಿನಗೆ ಪಾಯಸದಷ್ಟು ಸಿಹಿಯಾಗಿರಬೇಕು. ನಾವೂ ಹಾಗೇ ನಂಬಿದ್ದೆವು. ಮಲ್ಪೆಗೆ ಬಂದ ಹೊಸತರಲ್ಲಿ ಕೊಂಡ ಸಣ್ಣ ಫೈಬರ್ ದೋಣಿಯನ್ನು ಒಂದು ಮಳೆಗಾಲ ಪೂರ್ತಿ ತೆಂಗಿನ ಬುಡದಲ್ಲಿ ಬಿಟ್ಟೆವು. ಒಳಗೆ ಮೊಣಕಾಲುದ್ದ ಮಳೆನೀರು, ಕಪ್ಪೆಮರಿಗಳು. ಮಕ್ಕಳಿಗೆ ಭಾರೀ ಖುಷಿ. ಮುಂದಿನ ಬೇಸಗೆಗೆ ನೋಡಿದರೆ ದೋಣಿಗೆ ಸೀತಾಳೆ ಎದ್ದ ಹಾಗೆ ಗುಳ್ಳೆ. ಭಾವ ಒಂದನ್ನು ಉಳಿ ತುದಿಯಿಂದ ಒತ್ತಿದರು. ಚಿಮ್ಮಿದ ನೀರು ಹುಳಿ ಹುಳಿ ವಾಸನೆ, ವಿನೆಗರಿನ ಹಾಗೆ. ಕನ್ನಡಕ ಇದ್ದದ್ದಕ್ಕೆ ಕಣ್ಣು ಉಳಿಯಿತು.

ಆಮೇಲೆ ತಿಳಿಯಿತು: ಉಪ್ಪುನೀರಿಗಿಂತ ನಿಂತ ಸಿಹಿನೀರೇ ಸಲೀಸಾಗಿ ಒಳಗೆ ಇಳಿಯುವುದಂತೆ. ಒಳಗೆ ಗಟ್ಟಿಯಾಗದೆ ಉಳಿದ ರೆಸಿನ್ನಿನ ಅಂಶ ಆ ನೀರಿನಲ್ಲಿ ಕರಗಿ ದ್ರಾವಣವಾಗುತ್ತದೆ, ಅದು ಮತ್ತಷ್ಟು ನೀರು ಎಳೆದುಕೊಳ್ಳುತ್ತದೆ, ಉಬ್ಬುತ್ತದೆ. ಉಪ್ಪು ಹಾಕಿದ ಮಾವಿನಕಾಯಿ ನೀರು ಬಿಡುವುದು ನೋಡಿದ್ದೀಯಲ್ಲ, ಅದೇ ಆಟ. ಒಂದೊಂದು ಗುಳ್ಳೆಯನ್ನೂ ಕೆರೆದು ತೆರೆದು, ತೊಳೆದು, ವಾರಗಟ್ಟಲೆ ಒಣಗಿಸಿ, ಎಪಾಕ್ಸಿ ತುಂಬಬೇಕು. ನಾವು ಅವಸರಕ್ಕೆ ಬಿದ್ದು, ಒಳಗೆ ಪಸೆ ಇರುವಾಗಲೇ ತುಂಬಿದೆವು. ಮರುವರ್ಷ ಅಲ್ಲಲ್ಲೇ ಮತ್ತೆ ಎದ್ದವು. ಕೆರೆಯುವಾಗ ಭಾವ ಮುಖಕ್ಕೆ ಬಟ್ಟೆ ಕಟ್ಟಿಕೊಂಡರೂ ಬರಿಮೈಯಲ್ಲಿದ್ದರು. ಗಾಜಿನ ಹುಡಿ ಹತ್ತಿ ಎರಡು ರಾತ್ರಿ ಅವರೂ ಮಲಗಲಿಲ್ಲ, ನನ್ನನ್ನೂ ಮಲಗಲು ಬಿಡಲಿಲ್ಲ. ನೀನು ಮಾಡುವುದಾದರೆ ಉದ್ದ ತೋಳಿನ ಅಂಗಿ, ಒಳ್ಳೆಯ ಮಾಸ್ಕು, ಕನ್ನಡಕ. ಮುಗಿದ ಮೇಲೆ ತಣ್ಣೀರಿನಲ್ಲಿ ಮೈ ತೊಳಿ, ಉಜ್ಜಬೇಡ.

ಆದ್ದರಿಂದ ನೀನು ದೋಣಿ ಬಿಟ್ಟು ಬೆಂಗಳೂರಿನ ಬಸ್ಸು ಹತ್ತುವ ಮೊದಲು ನಾಲ್ಕು ಜನರನ್ನು ಕರೆದು ದೋಣಿಯನ್ನು ಮಗುಚಿ ಮಡಗು. ಕೆಳಗೆ ತೆಂಗಿನ ದಿಮ್ಮಿ ಇರಲಿ, ನೆಲಕ್ಕೆ ತಾಗದಂತೆ, ಗಾಳಿ ಆಡುವಂತೆ. ಮೇಲೆ ಮಡಲು ಹಾಸಿದರೆ ಸಾಕು. ಟಾರ್ಪಾಲು ಬಿಗಿದು ಸುತ್ತಬೇಡ, ಒಳಗೆ ಬೆವರುತ್ತದೆ. ಇಂಜಿನ್ನಿಗೆ ಸಿಹಿನೀರು ಓಡಿಸಿ ಉಪ್ಪು ತೊಳೆದು ಮನೆಯೊಳಗೆ ತಾ. ಮಗುಚಲು ಜನ ಸಿಗದಿದ್ದರೆ ಮೂತಿ ಎತ್ತರಿಸಿ ಹಿಂದಿನ ಬೂಚನ್ನಾದರೂ ತೆಗೆ, ಬಿದ್ದ ಮಳೆ ಬಿದ್ದ ಹಾಗೇ ಹರಿದುಹೋಗಲಿ.

ತೆಗೆದ ಬೂಚನ್ನು ಪ್ಯಾಂಟಿನ ಕಿಸೆಯಲ್ಲಿ ಹಾಕಿಕೊಂಡು ಬೆಂಗಳೂರಿಗೆ ಹೋಗಬೇಡ. ಅಮ್ಮನ ಕೈಗೆ ಕೊಡು, ದೇವರ ಫೋಟೊದ ಮೊಳೆಗೆ ತೂಗುಹಾಕುತ್ತಾಳೆ. ಕೊಟ್ಟ ಮೇಲೆ ನನಗೊಂದು ಫೋನು ಮಾಡು.

ನಿನ್ನ ಅಕ್ಕ