ಕಷ್ಟದ ಸುದ್ದಿ ಮೊದಲು ಯಾರ ಕಿವಿಗೆ?

2024ರ ಆಗಸ್ಟ್ ತಿಂಗಳ ಒಂದು ಸಂಜೆ. ಜಪಸರ ಮುಗಿಸಿ ಗುರುಮನೆಯ ಜಗಲಿಯಲ್ಲಿ ಕುಳಿತಿದ್ದೆ. ನಮ್ಮ ಹೊಸೂರು ಕಡೆಯ ಜಮೀನು ಬ್ರೋಕರ್ ಒಬ್ಬರು ಬಂದರು. ಅಪರಿಚಿತರೇನಲ್ಲ. ಹಬ್ಬದ ತೇರಿನ ದೀಪಾಲಂಕಾರಕ್ಕೆ ಪ್ರತಿವರ್ಷ ಕೇಳದೆಯೇ ಹಣ ಕೊಡುವವರು. ಕಾಫಿ ಕುಡಿಯುತ್ತಾ, "ಸ್ವಾಮಿ, ನಿಮ್ಮ ಜನರಲ್ಲಿ ಯಾರಾದರೂ ತುಂಬ ಕಷ್ಟದಲ್ಲಿದ್ದರೆ ಹೇಳಿ, ನನ್ನ ಕೈಲಾದ ಸಹಾಯ ಮಾಡ್ತೀನಿ" ಎಂದರು.

ನನಗೆ ಸಂತೋಷವೇ ಆಯಿತು. ಎರಡು ವರ್ಷ ಡಯಾಲಿಸಿಸ್ ಮಾಡಿಸಿಕೊಂಡು ತೀರಿಹೋಗಿದ್ದ ಒಬ್ಬರ ಹೆಂಡತಿಯ ವಿಷಯ ಹೇಳಿದೆ. ಬೆಂಗಳೂರಿನ ಆಸ್ಪತ್ರೆಗೆಂದು ಆಗಿದ್ದ ಆರು ಲಕ್ಷ ಸಾಲ, ತಿಂಗಳಿಗೆ ನೂರಕ್ಕೆ ಮೂರರಂತೆ ಬಡ್ಡಿ, ಕಾಲೇಜಿಗೆ ಹೋಗುವ ಮಗಳು, ನಲವತ್ತು ಸೆಂಟ್ ರಾಗಿ ಹೊಲ, ಎಲ್ಲವನ್ನೂ ಹೇಳಿದೆ. ಅಂದು ನಾನು ಒಳ್ಳೆಯ ಕೆಲಸ ಮಾಡಿದೆನೆಂದೇ ಮಲಗಿದೆ.

ನಾಲ್ಕು ತಿಂಗಳ ನಂತರ ಆ ತಾಯಿ ಗಂಡನ ಆತ್ಮಶಾಂತಿಗೆ ಪೂಜೆ ಹೇಳಿಸಲು ಬಂದರು. ಸಾಲ ತೀರಿತೆಂದೂ ಹೊಲ ಮಾರಿದೆನೆಂದೂ ಹೇಳಿದರು. ಬ್ರೋಕರ್ ಒಂದು ಲಕ್ಷ ಅಡ್ವಾನ್ಸ್ ಕೊಟ್ಟು, ಸೆಂಟಿಗೆ ಅರುವತ್ತು ಸಾವಿರದಂತೆ ಮೂರು ತಿಂಗಳ ಅಗ್ರಿಮೆಂಟ್ ಮಾಡಿಕೊಂಡಿದ್ದರು. ಒಟ್ಟು ಇಪ್ಪತ್ತನಾಲ್ಕು ಲಕ್ಷ. ಆದರೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬ್ರೋಕರ್ ಜೊತೆ ಬೆಂಗಳೂರಿನ ಬೇರೊಂದು ಕುಟುಂಬ ಬಂದಿತ್ತು. ಕ್ರಯಪತ್ರ ಅವರ ಹೆಸರಿಗೇ ಆಯಿತು. ಅವರ ಮನೆಯಾಕೆ ಪಕ್ಕದಲ್ಲಿ ಕುಳಿತು ಕನ್ನಡದಲ್ಲೇ ಕೇಳಿದರಂತೆ: "ಸೆಂಟಿಗೆ ತೊಂಬತ್ತು ಸಾವಿರ ಕೊಟ್ಟಿದ್ದೀವಿ, ಬಾವಿ ನೀರು ಸಿಹಿಯಾಗಿದೆ ತಾನೇಮ್ಮ?"

ಸೆಂಟಿಗೆ ಮೂವತ್ತು ಸಾವಿರದ ವ್ಯತ್ಯಾಸ. ನಲವತ್ತು ಸೆಂಟಿಗೆ ಹನ್ನೆರಡು ಲಕ್ಷ. ಒಂದು ಲಕ್ಷ ಹಾಕಿದವರಿಗೆ ಮೂರು ತಿಂಗಳಲ್ಲಿ ಬಂದ ಹಣ ಅದು.

ಆ ತಾಯಿ ಕೋಪಗೊಳ್ಳಲಿಲ್ಲ, ಅಳಲೂ ಇಲ್ಲ. "ನೀವು ಕಳಿಸಿದೋರು ಅಂತ ನಂಬಿದೆ ಸ್ವಾಮಿ" ಎಂದರು, ಅಷ್ಟೇ. ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಕೆಲವು ದಿನ ಬಿಟ್ಟು ಬ್ರೋಕರ್ ಮನೆಗೆ ನಾನೇ ಹೋದೆ. ಅವರು ಮರೆಮಾಚಲಿಲ್ಲ. "ಸ್ವಾಮಿ, ನಾನು ಸುಳ್ಳು ಹೇಳಿಲ್ಲ. ಆಯಮ್ಮ ಕೇಳಿದ ದಿನವೇ ದುಡ್ಡು ಕೊಟ್ಟೆ. ತಿಂಗಳಿಗೆ ಹದಿನೆಂಟು ಸಾವಿರ ಬಡ್ಡಿ ನಿಲ್ತು. ಗಿರಾಕಿ ಸಿಗದಿದ್ದರೆ ನನ್ನ ಲಕ್ಷ ಹೋಗ್ತಿತ್ತು" ಎಂದರು. ಅದರಲ್ಲಿ ಸತ್ಯವೂ ಇತ್ತು. ಹಾಗಾದರೆ ಮಾರುವವರನ್ನು ಹುಡುಕುವುದು ಹೇಗೆ ಎಂದು ಕೇಳಿದೆ. ಅವರು ನಕ್ಕು, "ನಾವು ಜಮೀನು ಹುಡುಕೋದಿಲ್ಲ ಸ್ವಾಮಿ, ಅವಸರ ಹುಡುಕ್ತೀವಿ" ಎಂದು ವಿವರಿಸತೊಡಗಿದರು.

ಸಾವಾದ ಮನೆ ಮೊದಲನೆಯದು. ಆಸ್ಪತ್ರೆ ಬಿಲ್ಲು ಇದ್ದೇ ಇರುತ್ತದೆ. ಅಣ್ಣತಮ್ಮಂದಿರು ಮಾತು ಬಿಟ್ಟ ಮನೆ ಎರಡನೆಯದು. ಭಾಗದ ಜಗಳ ಮುಗಿದರೆ ಸಾಕೆಂದು ಒಬ್ಬನಾದರೂ ಕಡಿಮೆ ಬೆಲೆಗೆ ಒಪ್ಪುತ್ತಾನೆ. ಬೋರ್‌ವೆಲ್ ಕೊರೆಸಿ ನೀರು ಬೀಳದ ಹೊಲ, ಮಗಳ ಮದುವೆ ಗೊತ್ತಾದ ಮನೆ, ಚೀಟಿಯಲ್ಲಿ ಸಿಕ್ಕಿಕೊಂಡವರು, ಮಕ್ಕಳೆಲ್ಲ ದೂರದ ಊರು ಸೇರಿ ಕಳೆ ಬೆಳೆದು ನಿಂತ ತೋಟ. ಸಾಲ ಕಟ್ಟದವರ ಸುದ್ದಿಯಂತೂ ದಿನಪತ್ರಿಕೆಯಲ್ಲೇ ಸಿಗುತ್ತದೆ. 2002ರ ಸರ್ಫೇಸಿ ಕಾನೂನಿನಂತೆ ಬ್ಯಾಂಕು 60 ದಿನಗಳ ನೋಟಿಸ್ ಕೊಟ್ಟು, ಆಮೇಲೆ ಆಸ್ತಿ ಸ್ವಾಧೀನದ ಪ್ರಕಟಣೆ ಹಾಕುತ್ತದೆ. ನಾವು ಮಗುಚಿ ಹಾಕುವ ಆ ಪುಟವನ್ನು ಅವರು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಉಳಿದ ಸುದ್ದಿಗೆ ಟೀ ಅಂಗಡಿ, ಕ್ಷೌರದಂಗಡಿ, ಗಿರವಿ ಅಂಗಡಿ, ಬೋರ್‌ವೆಲ್ ಗಾಡಿಯವರು. "ಆಮೇಲೆ... ನಿಮ್ಮಂಥವರು" ಎಂದು ತಲೆ ತಗ್ಗಿಸಿದರು.

2024ರ ಜೂನ್‌ನಲ್ಲಿ ಹೊಸೂರಿನಲ್ಲಿ 2,000 ಎಕರೆಯಲ್ಲಿ ವಿಮಾನ ನಿಲ್ದಾಣ ಕಟ್ಟುವುದಾಗಿ ತಮಿಳುನಾಡು ಸರ್ಕಾರ ಘೋಷಿಸಿದ ಮೇಲೆ ಈ ಹುಡುಕಾಟ ಇನ್ನೂ ಹೆಚ್ಚಾಯಿತು. ಬೆಲೆ ಏರುತ್ತಿರುವುದು ಬ್ರೋಕರಿಗೆ ಗೊತ್ತು. ಬಡ್ಡಿಯ ದಿನ ಎಣಿಸುತ್ತಾ ಮನೆಯೊಳಗೆ ಕುಳಿತವರಿಗೆ ಗೊತ್ತಿಲ್ಲ.

ಅಮೆರಿಕದಲ್ಲಿ ಕೆಲಸ ಮಾಡುವ ನಮ್ಮ ಒಬ್ಬ ಯುವಕ ಕ್ರಿಸ್ಮಸ್ ರಜೆಗೆ ಬಂದಿದ್ದಾಗ ಈ ಕಥೆ ಹೇಳಿದೆ. "ಫಾದರ್, ಅಲ್ಲಿ ಇದಕ್ಕೆ ಹೋಲ್‌ಸೇಲಿಂಗ್ ಅಂತಾರೆ. ಅವಸರದಲ್ಲಿ ಮಾರುವವರನ್ನು ಮೋಟಿವೇಟೆಡ್ ಸೆಲ್ಲರ್ ಅಂತಾರೆ. ಅವರನ್ನು ಹುಡುಕೋದನ್ನೇ ಕೋರ್ಸು ಮಾಡಿ ಕಲಿಸ್ತಾರೆ" ಎಂದ. ಅಲ್ಲಿಯೂ ಹೋಲ್‌ಸೇಲರ್ ಮನೆ ಕೊಳ್ಳುವುದಿಲ್ಲ. ಕಡಿಮೆ ಬೆಲೆಗೆ ಕರಾರು ಮಾಡಿಕೊಂಡು, ಆ ಕರಾರನ್ನೇ ಇನ್ನೊಬ್ಬರಿಗೆ ಮಾರಿ ನಡುವಿನ ಹಣ ಪಡೆಯುತ್ತಾನೆ. ತೆರಿಗೆ ಬಾಕಿಯವರ ಪಟ್ಟಿ, ತೀರಿಹೋದವರ ಆಸ್ತಿಯ ಕೋರ್ಟು ದಾಖಲೆ, ಬ್ಯಾಂಕು ಜಪ್ತಿಯ ನೋಟಿಸ್, ಇವೆಲ್ಲ ಅಲ್ಲಿ ಕಚೇರಿಯಿಂದಲೇ ಸಿಗುತ್ತವೆ. ಹುಲ್ಲು ಬೆಳೆದ, ಅಂಚೆ ರಾಶಿಬಿದ್ದ ಮನೆಗಳನ್ನು ಕಾರಿನಲ್ಲಿ ಸುತ್ತಿ ಗುರುತು ಹಾಕಿಕೊಳ್ಳುವವರೂ ಇದ್ದಾರೆ. ವಯಸ್ಸಾದವರು, ಬೆಲೆ ತಿಳಿಯದವರು ಮೋಸಹೋಗುತ್ತಾರೆಂಬ ದೂರು ಹೆಚ್ಚಾಗಿ ಇಲಿನಾಯ್ 2019ರಲ್ಲಿ, ಒಕ್ಲಹೋಮ 2021ರಲ್ಲಿ, ಪೆನ್ಸಿಲ್ವೇನಿಯ 2024ರಲ್ಲಿ ಇದಕ್ಕೆ ಕಡಿವಾಣ ಹಾಕುವ ಕಾನೂನು ತಂದವು. ಊರು ಬೇರೆ, ಪದ ಬೇರೆ, ಕೆಲಸ ಒಂದೇ.

ಗುರುಮಠದಲ್ಲಿ ನೀತಿಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರ ನ್ಯಾಯವಾದ ಬೆಲೆಯ ವಿಚಾರ ಬಂದಿತ್ತು. ವಸ್ತುವಿನ ಬೆಲೆಗಿಂತ ಹೆಚ್ಚಿಗೆ ಮಾರುವುದು ಹೇಗೆ ಅನ್ಯಾಯವೋ, ಕಡಿಮೆಗೆ ಕೊಳ್ಳುವುದೂ ಹಾಗೆಯೇ ಅನ್ಯಾಯವೆಂಬುದು ಅವರ ವಾದ. ಅಂದು ಪರೀಕ್ಷೆಗಾಗಿ ಓದಿದೆ, ಒಳ್ಳೆಯ ಅಂಕವೂ ಬಂತು. ಹಸಿದು ಬಂದ ಏಸಾವ ಒಂದು ಬಟ್ಟಲು ಅಡುಗೆಗೆ ಜ್ಯೇಷ್ಠತನ ಮಾರಿದ ಕಥೆಯಲ್ಲಿ ಏಸಾವನ ಅವಿವೇಕವನ್ನೇ ಎಷ್ಟೋ ಸಲ ಪ್ರಸಂಗದಲ್ಲಿ ಟೀಕಿಸಿದ್ದೇನೆ. ಅಣ್ಣನ ಹಸಿವಿಗೆ ಊಟ ಬಡಿಸುವ ಬದಲು ಆ ಹಸಿವಿಗೆ ಬೆಲೆ ಕಟ್ಟಿದ ಯಕೋಬನ ಬಗ್ಗೆ ಮಾತಾಡಿದ್ದು ಕಡಿಮೆ.

ಈಗ ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ತೊಂಬತ್ತು ಸಾವಿರದಂತೆ ಏಳು ಸೆಂಟ್ ಮಾರಿದ್ದರೆ ಆರು ಲಕ್ಷ ಸಾಲ ತೀರಿ ಮೂವತ್ತಮೂರು ಸೆಂಟ್ ಮಗಳಿಗೆ ಉಳಿಯುತ್ತಿತ್ತು. ಆ ತಾಯಿಗೆ ಬೇಕಾಗಿದ್ದುದು ಒಂದು ತಿಂಗಳ ಬಿಡುವು, ಜೊತೆಯಲ್ಲಿ ಕುಳಿತು ಕಾಗದ ಓದುವ ಒಬ್ಬರು. ಅಗ್ರಿಮೆಂಟ್ ತಮಿಳಿನಲ್ಲಿತ್ತು. ಅವರು ಓದಿದ್ದು ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸು. ಬ್ರೋಕರ್ ಓದಿ ಅರ್ಥ ಹೇಳಿದ್ದರು, 'ಕೊಳ್ಳುವವರು ಅಥವಾ ಅವರು ಸೂಚಿಸುವವರ ಹೆಸರಿಗೆ' ಎಂಬ ಸಾಲನ್ನು ಮಾತ್ರ ಬಿಟ್ಟಿದ್ದರು. ಇಡೀ ವ್ಯಾಪಾರ ನಿಂತಿದ್ದೇ ಆ ಸಾಲಿನ ಮೇಲೆ. ಗಡಿಯಲ್ಲಿ ಬಾಳುವ ನಮ್ಮ ಹಿರಿಯರ ಪಾಡು ಇದು. ಮಾತು ಒಂದು ಭಾಷೆ, ಪ್ರಾರ್ಥನೆ ಅದೇ ಭಾಷೆ, ಜಮೀನಿನ ಕಾಗದ ಇನ್ನೊಂದು ಭಾಷೆ.

ಆದ್ದರಿಂದ ಪ್ರಿಯ ಕುಟುಂಬಗಳೇ, ಒಂದೆರಡು ಮಾತು. ಮನೆಗೆ ಬಂದು ಜಮೀನು ಕೇಳುವವರಿಗೆ ಅಂದೇ ಸಹಿ ಹಾಕಬೇಡಿ. ಪಕ್ಕದಲ್ಲಿ ಈಚೆಗೆ ಮಾರಿದವರನ್ನು ಬೆಲೆ ಕೇಳಿ, ಕನಿಷ್ಠ ಇಬ್ಬರಿಂದ ವಿಚಾರಿಸಿ. ಸರ್ಕಾರದ ಗೈಡ್‌ಲೈನ್ ಬೆಲೆಯನ್ನು ನೋಡಿ, ಅದು ಮಾರುಕಟ್ಟೆಯ ಬೆಲೆಯಲ್ಲವೆಂಬುದೂ ನೆನಪಿರಲಿ. ಅಗ್ರಿಮೆಂಟನ್ನು ಕೊಳ್ಳುವವರ ಕಡೆಯವರಲ್ಲದ ಒಬ್ಬರಿಂದ ಪೂರ್ತಿ ಓದಿಸಿ. ಬೇರೆಯವರ ಹೆಸರಿಗೆ ಮಾಡಿಕೊಡಬೇಕೆಂಬ ಸಾಲು ಇದ್ದರೆ ಆ ಬೇರೆಯವರು ಎಷ್ಟು ಕೊಡುತ್ತಾರೆಂದು ಕೇಳಿ. ಖಾಲಿ ಕಾಗದಕ್ಕೆ, ಅರ್ಥವಾಗದ ಪವರ್ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಸಾಧ್ಯವಾದರೆ ಬೇಕಾದಷ್ಟನ್ನೇ ಮಾರಿ. ಬ್ರೋಕರಿಗೆ ದುಡಿಮೆಯ ಕಮಿಷನ್ ಕೊಡುವುದು ನ್ಯಾಯ. ಅದು ಎಷ್ಟೆಂದು ಮೊದಲೇ ಬಾಯಿಬಿಟ್ಟು ಹೇಳಲಿ.

ನಾನೂ ಎರಡು ನಿಯಮ ಮಾಡಿಕೊಂಡಿದ್ದೇನೆ. ಯಾರ ಮನೆಯ ಕಷ್ಟವನ್ನೂ ಅವರ ಅಪ್ಪಣೆಯಿಲ್ಲದೆ ಹೊರಗಿನವರಿಗೆ ಹೇಳುವುದಿಲ್ಲ. ಸಾವಾದ ಮನೆಗೆ ಮಣ್ಣು ಮಾಡಿದ ವಾರದೊಳಗೆ ಮತ್ತೊಮ್ಮೆ ಹೋಗಿ, ಸಾಲವೇನಾದರೂ ಇದೆಯೇ ಎಂದು ನಾನೇ ಕೇಳುತ್ತೇನೆ. ಮೊದಲು ಇದನ್ನು ಕೇಳಲು ಸಂಕೋಚವಾಗುತ್ತಿತ್ತು. ಬ್ರೋಕರಿಗೆ ಆ ಸಂಕೋಚ ಇರಲಿಲ್ಲ, ಅದಕ್ಕೇ ಅವರು ನನಗಿಂತ ಮೊದಲು ಜಗಲಿ ಹತ್ತಿದರು. ತಮಿಳು, ಕನ್ನಡ ಎರಡನ್ನೂ ಬಲ್ಲ ನಮ್ಮ ನಿವೃತ್ತ ಮೇಷ್ಟ್ರು ಒಬ್ಬರು ಭಾನುವಾರ ಎರಡನೇ ಪೂಜೆಯ ನಂತರ ಶಾಲೆಯ ಜಗಲಿಯಲ್ಲಿ ಕುಳಿತು, ತಂದವರ ಕಾಗದ ಓದಿ ಹೇಳುತ್ತಿದ್ದಾರೆ. ಕಳೆದ ತಿಂಗಳು ಒಬ್ಬ ಹಿರಿಯರು ಅವರಿಂದ ಓದಿಸಿ, ಅದೇ ಬ್ರೋಕರಿಗೆ ನೂರಕ್ಕೆ ಎರಡರಂತೆ ಕಮಿಷನ್ ಗೊತ್ತುಮಾಡಿ, ಹನ್ನೆರಡು ಸೆಂಟ್ ಮಾತ್ರ ಮಾರಿದರು. ಬ್ರೋಕರ್ ಬೇಸರಪಡದೆ ಒಪ್ಪಿದರಂತೆ.

ಆ ತಾಯಿ ಈಗಲೂ ತಮ್ಮ ಹಳೆಯ ಹೊಲದ ಪಕ್ಕದ ದಾರಿಯಲ್ಲೇ ಪೂಜೆಗೆ ಬರುತ್ತಾರೆ. ಹೊಲದಲ್ಲಿ ಹಳದಿ ಬಣ್ಣದ ಸೈಟು ಕಲ್ಲುಗಳು ನಿಂತಿವೆ. ಇದನ್ನು ಪತ್ರಿಕೆಗೆ ಬರೆಯಲೇ ಎಂದು ಕೇಳಿದೆ. "ಬರೀರಿ ಸ್ವಾಮಿ, ನನ್ನ ಹೆಸರು ಮಾತ್ರ ಬೇಡ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನೀವು ಹೇಳಿದ್ದನ್ನೂ ಬರೀರಿ" ಎಂದರು. ಬರೆದಿದ್ದೇನೆ.