ಪಾರಣೆ

ವ್ರತವನ್ನು ಹಿಡಿಯಬಲ್ಲವರು ಬಹಳ ಮಂದಿ. ಅದನ್ನು ಸರಿಯಾಗಿ ಬಿಡಬಲ್ಲವರು ಕೆಲವರು. ಈ ಮಾತು ನನಗೆ ಅರ್ಥವಾಗಲು ಐವತ್ತು ವರ್ಷ ಬೇಕಾಯಿತು.

ರಾಯಚೂರಿನಲ್ಲಿ ವೈದ್ಯರೊಬ್ಬರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು 86ಕ್ಕೆ ಹೋಗಿ ನಿಂತಿತು. "ಮಾಸ್ತರರೇ, ರಕ್ತದೊತ್ತಡ ಏರುತ್ತಿದೆ. ಹತ್ತು ಕಿಲೋ ಇಳಿಸಿರಿ" ಎಂದರು. ಅಂದಿನಿಂದ ನನ್ನ ದಿನಚರಿಯೇ ಬದಲಾಯಿತು. ಬೆಳಗಿನ ಜಾವ ಕೋಟೆಯ ಕಡೆಗೆ ನಡಿಗೆ. ಹೊತ್ತಿಗೆ ಒಂದೇ ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಬೀದಿಯಲ್ಲಿ ಮಂಡಾಳ ಒಗ್ಗರಣೆಯ ಘಮವೂ ಬಿಸಿ ಮಿರ್ಚಿಯ ವಾಸನೆಯೂ ಬಂದರೆ ಹೆಜ್ಜೆಯನ್ನು ಚುರುಕುಗೊಳಿಸುತ್ತಿದ್ದೆ.

ನಾಲ್ಕು ತಿಂಗಳಲ್ಲಿ ಆರು ಕಿಲೋ ಇಳಿಯಿತು. ಅನಂತರ ಮುಳ್ಳು ಅಲುಗಲಿಲ್ಲ. ನನ್ನ ಕೋಪ ಮಾತ್ರ ಏರುತ್ತ ಹೋಯಿತು. ತರಗತಿಯಲ್ಲಿ ಸಣ್ಣ ತಪ್ಪಿಗೂ ಗದರುತ್ತಿದ್ದೆ. ಕನಸಿನಲ್ಲಿಯೂ ಹೋಳಿಗೆ ಕಾಣುತ್ತಿತ್ತು.

ಅಷ್ಟರಲ್ಲಿ ದೇವದುರ್ಗದಲ್ಲಿ ತಂಗಿಯ ಮಗಳ ಮದುವೆ ಬಂದಿತು. ಒಂದು ಶೇಂಗಾ ಹೋಳಿಗೆ ತಿಂದೆ. 'ನಿಯಮ ಕೆಟ್ಟೇ ಹೋಯಿತಲ್ಲ, ಇನ್ನೇನು?' ಎಂದಿತು ಮನಸ್ಸು. ಒಂದು ಆರಾಯಿತು. ಅಷ್ಟಕ್ಕೇ ಮುಗಿದಿದ್ದರೆ ಕೇಡಿರಲಿಲ್ಲ. ಆದರೆ ನಾಚಿಕೆಯಿಂದ ನಡಿಗೆಯನ್ನೂ ಬಿಟ್ಟೆ; ವೈದ್ಯರ ಕಣ್ಣು ತಪ್ಪಿಸಿ ತಿರುಗಿದೆ. ಎರಡೇ ತಿಂಗಳಲ್ಲಿ ನಾಲ್ಕು ಕಿಲೋ ಮರಳಿ ಬಂದಿತು.

ಆ ದಿನಗಳಲ್ಲೊಮ್ಮೆ ಮಾನ್ವಿಗೆ ಹೋದೆ. 'ಹರಿಕಥಾಮೃತಸಾರ'ದ ಕರ್ತೃ ಜಗನ್ನಾಥದಾಸರು ಬಾಳಿದ ಊರದು. ಅಲ್ಲಿರುವ ನನ್ನ ಸೋದರತ್ತೆ ಎಂಬತ್ತು ದಾಟಿದರೂ ಏಕಾದಶಿಯ ಉಪವಾಸವನ್ನು ತಪ್ಪಿಸಿದವರಲ್ಲ. ನಾನು ಹೋದದ್ದು ದ್ವಾದಶಿಯ ಬೆಳಿಗ್ಗೆ. ಅತ್ತೆ ಅನ್ನ, ತೊವ್ವೆ, ಅಗಸೆಸೊಪ್ಪಿನ ಪಲ್ಯ ಬಡಿಸಿಕೊಂಡು ತೃಪ್ತಿಯಿಂದ ಉಣ್ಣುತ್ತಿದ್ದರು. ನನ್ನ ಕಥೆಯನ್ನು ಕೇಳಿ ನಕ್ಕರು.

"ತಮ್ಮಾ, ನೀ ಉಪವಾಸ ಕಲ್ತಿ, ಪಾರಣಿ ಕಲೀಲಿಲ್ಲ. ದ್ವಾದಶಿ ದಿನ ಹೊತ್ತಿಗೆ ಸರಿಯಾಗಿ ಉಣ್ಣದಿದ್ರ ನನ್ನ ಏಕಾದಶಿನೂ ಪೂರಾ ಆಗಂಗಿಲ್ಲ. ಉಂಡ ಮ್ಯಾಲೆ ಮತ್ತ ಏಕಾದಶಿ ಬಂದೇ ಬರ್ತದ. ನೀ ಮಾಡಿದ್ದು ಪಾರಣಿ ಅಲ್ಲ, ವ್ರತಭಂಗ."

ಊರಿಗೆ ಮರಳಿದ ಮೇಲೆ ಓದಿದ ಸಂಗತಿಯೊಂದು ಈ ಮಾತನ್ನು ನೆನಪಿಗೆ ತಂದಿತು. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಯುವಕರಿಗೆ, ಅವರ ಒಪ್ಪಿಗೆ ಪಡೆದು, ಸುಮಾರು ಆರು ತಿಂಗಳ ಕಾಲ ಅರ್ಧದಷ್ಟೇ ಆಹಾರ ಕೊಟ್ಟನು. ಅವರ ತೂಕ ಕಾಲುಭಾಗದಷ್ಟು ಇಳಿಯಿತು. ನಾಡಿಯ ಬಡಿತ ನಿಧಾನವಾಯಿತು. ಹಗಲಿರುಳೂ ಅವರಿಗೆ ಅನ್ನದ್ದೇ ಧ್ಯಾನ. ಆಹಾರ ಕಡಿಮೆಯಾದಾಗ ದೇಹ ತನ್ನ ಖರ್ಚನ್ನೂ ಕಡಿಮೆ ಮಾಡಿಕೊಳ್ಳುತ್ತದೆ. ಅವರ ಹಸಿವಿನ ಮುಂದೆ ನನ್ನದು ಏನೂ ಅಲ್ಲ. ಆದರೂ ನನ್ನ ಕೋಪದ, ಕನಸಿನ ಮೂಲ ಅಲ್ಲಿ ಕಂಡಿತು.

ನಾಚಿಕೆ ಬಿಟ್ಟು ವೈದ್ಯರ ಬಳಿಗೆ ಹೋದೆ. ಹದಿನೈದು ದಿನಗಳಿಗೊಮ್ಮೆ ಒಂದು ಊಟ ಮನಸ್ಸಿಗೆ ಒಪ್ಪಿದಂತೆ. ಮರುದಿನ ಮತ್ತೆ ನಿಯಮ ಎಂದು ಇಬ್ಬರೂ ಗೊತ್ತುಮಾಡಿದೆವು. ತೂಕ ಮೆಲ್ಲಗೆ ಇಳಿದು, ಒಂದು ವರ್ಷದಲ್ಲಿ 78ಕ್ಕೆ ಬಂದಿತು. ಇದು ವಯಸ್ಸಾದ ನನ್ನ ಕಥೆ. ಬೆಳೆಯುವ ವಯಸ್ಸಿನ ನೀವು ವೈದ್ಯರು ಹೇಳದೆ ಊಟವನ್ನು ಕಡಿಮೆ ಮಾಡಬಾರದು.

ಈಚಿನ ಎಳ್ಳಮಾವಾಸ್ಯೆಗೆ ದೇವದುರ್ಗದ ತಂಗಿಯ ಹೊಲಕ್ಕೆ ಹೋಗಿದ್ದೆ. ಚರಗ ಚೆಲ್ಲಿ, ಬಿಳಿಜೋಳದ ಬೆಳೆಯ ನಡುವೆ ಎಲ್ಲರೂ ಸಾಲಾಗಿ ಕುಳಿತೆವು. ಸಜ್ಜೆಯ ರೊಟ್ಟಿ, ಬದನೆಯ ಎಣ್ಣೆಗಾಯಿ, ಕೊನೆಗೆ ಶೇಂಗಾ ಹೋಳಿಗೆ. ತಂಗಿ ಬಡಿಸಲೋ ಬೇಡವೋ ಎಂದು ಅನುಮಾನಿಸಿದಳು. ನಾನೇ ಕೈಯೊಡ್ಡಿದೆ. ಎರಡು ತಿಂದೆ, ಮೂರನೆಯದು ಬೇಕೆನಿಸಲಿಲ್ಲ.

ಮರುದಿನ ಬೆಳಗಿನ ಜಾವ ಕೋಟೆಯ ಕಡೆಗೆ ನಡೆದೆ.