ಹಸಿರು ಮರಿ ಯಾವ ಜಾತಿ?

ಬಸವನಗುಡಿ ಕಡಲೆಕಾಯಿ ಪರಿಷೆಗೆ ಹೋದ ನಾವು ಮೂವರು ರೂಮ್‌ಮೇಟ್‌ಗಳು ಎರಡು ಸೇರು ಕಡಲೆಕಾಯಿ ಜೊತೆ ಎರಡು ಕೋಳಿಮರಿಗಳನ್ನೂ ಹಾಸ್ಟೆಲಿಗೆ ತಂದ್ವಿ. ವಾಪಸ್ ಬರೋ ದಾರೀಲಿ ಒಬ್ಬ ರಟ್ಟಿನ ಡಬ್ಬದಲ್ಲಿ ಮಾರ್ತಿದ್ದ. ಒಂದು ಗುಲಾಬಿ, ಒಂದು ಹಸಿರು. ತಲಾ 20 ರೂಪಾಯಿ.

ಗುಲಾಬಿ ಮರಿ ಅದೇ ರಾತ್ರಿ ಸತ್ತುಹೋಯ್ತು. ಶೂ ಡಬ್ಬದಲ್ಲಿ ಹಳೇ ಟೀ ಶರ್ಟ್ ಹಾಸಿ, ಫ್ಯಾನ್ ಆಫ್ ಮಾಡಿ, ಇಷ್ಟು ಸಾಕು ಅಂತ ಮಲಗಿದ್ವಿ. ಸಾಕಾಗಿರಲಿಲ್ಲ. ಮೊದಲ ವಾರದ ಮರಿಗೆ ಸುಮಾರು 35 ಡಿಗ್ರಿ ಶಾಖ ಬೇಕು ಅಂತ ಓದಿದ್ದು ಮಾರನೇ ಬೆಳಿಗ್ಗೆ. ಹಾಸ್ಟೆಲ್ ಹಿಂದಿನ ಹೊಂಗೆ ಮರದಡಿ ಹೂತು ಬಂದು, ಯಾರೂ ಮಾತಾಡದೆ ಮಿನಿ ಪ್ರಾಜೆಕ್ಟ್‌ನ ಆರ್ಡುಯಿನೋ ಬಿಚ್ಚಿದ್ವಿ. ಟೆಂಪರೇಚರ್ ಸೆನ್ಸರ್, ಒಂದು ರಿಲೇ, 60 ವಾಟಿನ ಹಳೇ ಕಾಲದ ಬಲ್ಬ್. ಎಲ್‌ಇಡಿ ಬಲ್ಬಿಂದ ಬೆಳಕು ಬರುತ್ತೆ, ಬಿಸಿ ಬರಲ್ಲ. ಆ ಬಲ್ಬ್ ಹುಡುಕೋಕೆ ನಾಲ್ಕು ಅಂಗಡಿ ಸುತ್ತಿದ್ವಿ. ಹಸಿರು ಮರಿ ಉಳೀತು.

ಆಮೇಲೆ ಶುರುವಾಗಿದ್ದು ಇದು ಯಾವ ಜಾತಿ ಅನ್ನೋ ಜಗಳ. ಒಬ್ಬನಿಗೆ ಅದು ಕಡಕ್‌ನಾಥ್ ಆಗಬೇಕಿತ್ತು. ಕಡಕ್‌ನಾಥ್‌ಗೆ ಕಾಲೂ ಕಪ್ಪು, ಇದರದು ಹಳದಿ. ಇನ್ನೊಬ್ಬ ಗಿರಿರಾಜ ಅಂದ, ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ತಯಾರು ಮಾಡಿದ ನಮ್ಮ ಊರಿನದೇ ತಳಿ ಅನ್ನೋ ಅಭಿಮಾನದಿಂದ. ಫೋನಿನ ಆ್ಯಪ್‌ಗೆ ಫೋಟೋ ತೋರಿಸಿದ್ರೆ ಗಿಳಿ ಅಂತು.

ಹತ್ತು ದಿನ ಕಳೆದ ಮೇಲೆ ರೆಕ್ಕೆಯಲ್ಲಿ ಹೊಸ ಗರಿ ಬಂತು. ಬಿಳಿ. ಹಸಿರು ಬರೀ ಹಳೇ ತುಪ್ಪಳಕ್ಕೆ ಹಾಕಿದ ಬಣ್ಣ. ಗಿರಿರಾಜನ ಗರಿ ಬಣ್ಣಬಣ್ಣದ್ದು, ಹಾಗಾಗಿ ಅದೂ ಹೋಯ್ತು. ಉಳಿದಿದ್ದು ಎರಡೇ: ಮಾಂಸದ ಬ್ರಾಯ್ಲರ್, ಇಲ್ಲಾ ಮೊಟ್ಟೆಯ ವೈಟ್ ಲೆಗ್‌ಹಾರ್ನ್. ಚಿಕ್ಕವಿದ್ದಾಗ ಎರಡೂ ಒಂದೇ ಥರ ಹಳದಿ ಉಂಡೆಗಳು. ತೂಕ ಮಾತ್ರ ಸುಳ್ಳು ಹೇಳಲ್ಲ. ಎರಡು ವಾರಕ್ಕೆ ಬ್ರಾಯ್ಲರ್ 400 ಗ್ರಾಂ ದಾಟಿರುತ್ತೆ. ನಮ್ಮದನ್ನ ಮೆಸ್ಸಿನ ತಕ್ಕಡಿ ಮೇಲೆ ಕೂರಿಸಿದಾಗ 130 ಗ್ರಾಂ. ಅಂದ್ರೆ ಲೆಗ್‌ಹಾರ್ನ್. ಇಟಲಿಯ ಲಿವೋರ್ನೊ ಬಂದರಿನ ಹೆಸರು ಇಂಗ್ಲಿಷರ ಬಾಯಲ್ಲಿ ಹಾಗಾಗಿದ್ದಂತೆ. ಡೇಟಾದಿಂದ ಪ್ರೂವ್ ಮಾಡಿದ್ವಿ ಅಂತ ಕುಣಿದ್ವಿ.

ತಕ್ಕಡಿ ವಾಪಸ್ ಕೇಳೋಕೆ ಬಂದ ಮೆಸ್ಸಿನ ಅಕ್ಕ ಒಂದು ಸಲ ನೋಡಿದ್ರು, ಅಷ್ಟೇ. "ಫಾರಂದು ಕಣ್ರಪ್ಪ. ಮೊಟ್ಟೆ ಜಾತಿ. ಹುಂಜ."

"ಹುಂಜ ಅಂತ ಹೆಂಗ್ ಗೊತ್ತಾಯ್ತಕ್ಕಾ?"

"ಹ್ಯಾಟೆ ಆಗಿದ್ರೆ ನಿಮಗ್ಯಾಕೆ ಮಾರ್ತಿದ್ರು?"

ನಮ್ಮ ಡೇಟಾದಲ್ಲಿ ಈ ಕಾಲಂ ಇರಲಿಲ್ಲ. ಹ್ಯಾಚರಿಯಲ್ಲಿ ಮರಿ ಹೊರಬಂದ ದಿನವೇ ಗಂಡು ಹೆಣ್ಣು ಬೇರೆ ಮಾಡ್ತಾರೆ. ಹೆಣ್ಣು ಫಾರಂಗೆ. ಗಂಡು ಮೊಟ್ಟೆ ಇಡಲ್ಲ, ಬ್ರಾಯ್ಲರ್ ಥರ ದಪ್ಪನೂ ಆಗಲ್ಲ, ಹಾಗಾಗಿ ಹೆಚ್ಚಿನವನ್ನ ಅವತ್ತೇ ಸಾಯಿಸ್ತಾರೆ. ಕೆಲವು ಬಣ್ಣ ಬಳಿಸಿಕೊಂಡು ಜಾತ್ರೆಗೆ ಬರುತ್ವೆ. ಗುಲಾಬಿದೂ ಹಾಗೇ ಬಂದಿರಬೇಕು. ಅದರ ಜಾತಿ ಯಾವುದು ಅಂತ ನಾವು ಕೇಳಲೂ ಇಲ್ಲ.

ಐದನೇ ವಾರಕ್ಕೆ ಜುಟ್ಟು ಕೆಂಪಾಯ್ತು. ವಾರ್ಡನ್ ಕಣ್ಣಿಗೆ ಬೀಳೋ ಮೊದಲು ನಮ್ಮಲ್ಲೊಬ್ಬನ ಅಜ್ಜಿ ಮನೆಗೆ, ಕುಣಿಗಲ್ ಕಡೆಗೆ, ಬಸ್ಸಲ್ಲಿ ಒಯ್ದ್ವಿ. ಕತ್ತಿನ ಹತ್ತಿರ ಇನ್ನೂ ಒಂದಿಷ್ಟು ಹಸಿರು ಉಳಿದಿತ್ತು. ಅಜ್ಜಿ ಕಾಲು ಹಿಡಿದು ತಲೆಕೆಳಗೆ ಮಾಡಿ ನೋಡಿ, "ಹುಂಜ. ಇರ್ಲಿ ಬಿಡ್ರಪ್ಪ, ಹೊಸತೊಡಕಿಗಾಯ್ತು" ಅಂದ್ರು.

ಹೋದ ವಾರ ಅವರು ಫೋನ್ ಮಾಡಿದಾಗ ಹಿಂದುಗಡೆ ಅದು ಕೂಗ್ತಾ ಇತ್ತು, ಅರ್ಧಕ್ಕೇ ಸ್ವರ ಒಡೆದುಹೋಗೋ ಕೂಗು. ಸ್ಪೀಕರ್ ಆನ್ ಮಾಡಿ ಮೂವರೂ ಕೇಳಿದ್ವಿ. ಯುಗಾದಿಗೆ ಊರಿಗೆ ಬನ್ನಿ ಅಂತ ಅಜ್ಜಿ ಮೂವರನ್ನೂ ಕರೆದಿದ್ದಾರೆ. ನಾವಿನ್ನೂ ಉತ್ತರ ಕೊಟ್ಟಿಲ್ಲ.